‘ಏಕೆ ಮುಚ್ಚಬಾರದು?’ ಅಂತ ನೋಟಿಸ್ ಬಂದಿದೆ, ಈಗೇನು ಮಾಡಲಿ?

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಪೌಡರ್ ಕೋಟಿಂಗ್ ಯೂನಿಟ್ ಇದೆ. ಒಂಬತ್ತು ಜನ ಕೆಲಸಗಾರರು, ಎಲ್ಲ ಜಾಬ್ ವರ್ಕ್. ಹೋದ ತಿಂಗಳು ಪೊಲ್ಯೂಷನ್ ಬೋರ್ಡಿನವರು ಬಂದು ನೋಡಿದರು. ತೊಳೆಯುವ ತೊಟ್ಟಿಯಿಂದ ಮೋರಿಗೆ ಹೋಗುವ ನೀರಿನ ಸ್ಯಾಂಪಲ್ ತಗೊಂಡು ಹೋದರು. ಈಗ ನೋಟಿಸ್ ಬಂದಿದೆ: ‘ಜಲ ಕಾಯ್ದೆಯ ಸೆಕ್ಷನ್ 33ಎ ಅಡಿ ಘಟಕವನ್ನು ಏಕೆ ಮುಚ್ಚಬಾರದು, ವಿದ್ಯುತ್ ಸಂಪರ್ಕ ಏಕೆ ಕಡಿತಗೊಳಿಸಬಾರದು, ನೋಟಿಸ್ ತಲುಪಿದ 15 ದಿನದೊಳಗೆ ಉತ್ತರಿಸಿ.’ ಆರು ದಿನ ಆಗಲೇ ಕಳೆದಿದೆ. ನನ್ನ ಹತ್ತಿರ ಸಿಎಫ್‌ಒ (ಯೂನಿಟ್ ನಡೆಸಲು ಬೋರ್ಡು ಕೊಡುವ ಸಮ್ಮತಿ) ಇದೆ, ಪೇಂಟಿಂಗ್ ಮತ್ತು ಬೇಕಿಂಗ್ ಅಂತ ಆರೆಂಜ್ ವರ್ಗದಲ್ಲಿ ಕೊಟ್ಟಿದ್ದು. ಹಾಗಿದ್ದೂ ‘ಸಮ್ಮತಿ ಇಲ್ಲದೆ ನಡೆಸುತ್ತಿದ್ದೀರಿ’ ಅಂತ ಬರೆದಿದ್ದಾರೆ. 62.5 ಕೆವಿಎ ಜನರೇಟರಿನ ಹೊಗೆ ಕೊಳವೆ ಗಿಡ್ಡ, ಸ್ಲಡ್ಜ್‌ಗೆ (ತೊಟ್ಟಿ ತಳದ ಗಸಿಗೆ) ಲೆಕ್ಕ ಇಲ್ಲ ಅಂತಲೂ ಇದೆ. ಗಸಿಯನ್ನು ಗುಜರಿಯವರಿಗೆ ಕೊಡುತ್ತಿದ್ದೆ. ನೀರಿನ ವರದಿ ಜೊತೆಗಿಟ್ಟಿದ್ದೇನೆ. ಸ್ಯಾಂಪಲ್ ತೆಗೆದ ರೀತಿ ಸರಿಯಿಲ್ಲ, ಬಾಟಲಿಗೆ ಸೀಲ್ ಇರಲಿಲ್ಲ ಅಂತ ನಮ್ಮ ವಕೀಲರು ಹೇಳುತ್ತಾರೆ. ನಮ್ಮದೆಷ್ಟು ನೀರು ಸಾರ್, ನಾಲ್ಕು ಡ್ರಮ್ಮು. ಸಣ್ಣವರ ಮೇಲೇ ಯಾಕೆ ಬೀಳುತ್ತಾರೆ? ಪರಿಚಯದ ಕನ್ಸಲ್ಟೆಂಟ್ ಒಬ್ಬರು ಒಂದೂವರೆ ಲಕ್ಷ ಕೊಟ್ಟರೆ ಎಲ್ಲ ‘ಸೆಟ್ಲ್’ ಮಾಡ್ತೀನಿ ಅಂತಾರೆ. ಮಗ, ಇದನ್ನು ಮುಚ್ಚಿ ಬೇರೆ ಹೆಸರಲ್ಲಿ ಹೊಸ ಯೂನಿಟ್ ತೆಗೆಯೋಣ ಅಂತಾನೆ. ನನಗೆ ರಾತ್ರಿ ನಿದ್ದೆ ಇಲ್ಲ. ಸರ್ಕಾರದಿಂದ ನಮ್ಮಂಥವರಿಗೆ ಏನಾದರೂ ಸಹಾಯ ಸಿಗುತ್ತಾ?

ಉತ್ತರ: ಒಂಬತ್ತು ದಿನ ಉಳಿದಿದೆ. ಅಷ್ಟು ಸಾಕು. ಆದರೆ ಅದರಲ್ಲಿ ಒಂದು ದಿನವೂ ಆ ‘ಸೆಟ್ಲ್’ ಮಾತಿಗೆ ಹೋಗಬಾರದು.

ಮೊದಲು ನೋಟಿಸನ್ನು ಇನ್ನೊಂದು ಸಲ ಓದಿ. ಈ ಸಲ ಬೈಗುಳ ಓದುವ ಹಾಗಲ್ಲ, ಕೊಟೇಶನ್ ಓದುವ ಹಾಗೆ. ‘ಏಕೆ ಮುಚ್ಚಬಾರದು’ ಅನ್ನುವುದು ನಿಜವಾಗಿಯೂ ಪ್ರಶ್ನೆ, ತೀರ್ಪಲ್ಲ. 1974ರ ಜಲ ಕಾಯ್ದೆಗೆ 1988ರಲ್ಲಿ ಸೇರಿಸಿದ ಸೆಕ್ಷನ್ 33ಎ ಮಂಡಳಿಗೆ ದೊಡ್ಡ ಅಧಿಕಾರ ಕೊಟ್ಟಿದೆ. ಕಾರ್ಖಾನೆ ಮುಚ್ಚಿಸಬಹುದು. ಬೆಸ್ಕಾಂಗೆ ಕಾಗದ ಬರೆದು ಕರೆಂಟ್ ತೆಗೆಸಬಹುದು, ನೀರು ನಿಲ್ಲಿಸಬಹುದು. ಆದರೆ ಸಾಮಾನ್ಯವಾಗಿ ಅದಕ್ಕೆ ಮೊದಲು ನಿಮ್ಮ ಮಾತು ಕೇಳಬೇಕು. ತಕ್ಷಣ ದೊಡ್ಡ ಹಾನಿ ಆಗುವ ಸಂದರ್ಭ ಇದ್ದರೆ ಮಾತ್ರ, ಕಾರಣ ಬರೆದಿಟ್ಟು ನೇರ ಆದೇಶ ಮಾಡುತ್ತಾರೆ. ನಿಮಗೆ ಹಾಗೆ ಮಾಡಿಲ್ಲ, ಅವಕಾಶ ಕೊಟ್ಟಿದ್ದಾರೆ. ಈ ಹಂತದಲ್ಲಿ ಯೂನಿಟ್ ಉಳಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಉತ್ತರವನ್ನೇ ಕೊಡದೆ ಕಳೆದುಕೊಂಡವರನ್ನೂ ನೋಡಿದ್ದೇನೆ. ಎರಡನೇ ಗುಂಪಿನವರಲ್ಲಿ ಹೆಚ್ಚಿನವರ ಯೂನಿಟ್ ಮೊದಲನೇ ಗುಂಪಿನವರದಕ್ಕಿಂತ ಕೆಟ್ಟದಾಗೇನೂ ಇರಲಿಲ್ಲ.

ಈಗ ನಿಮ್ಮ ಮುಖ್ಯ ಗೊಂದಲಕ್ಕೆ ಬರೋಣ. ಸಿಎಫ್‌ಒ ಇದ್ದೂ ‘ಸಮ್ಮತಿ ಇಲ್ಲ’ ಅಂದದ್ದು ಯಾಕೆ?

ನಿಮ್ಮ ಶೆಡ್ಡಿನಲ್ಲಿ ನಡೆಯುವ ಕೆಲಸ ಎರಡು. ಒಂದು, ಬೂತಿನಲ್ಲಿ ಪೌಡರ್ ಹೊಡೆದು ಓವನ್‌ನಲ್ಲಿ ಬೇಯಿಸುವುದು. ಅದು ಒಣ ಕೆಲಸ, ನೀರಿನ ಗೊಡವೆ ಇಲ್ಲ. ಇನ್ನೊಂದು, ಅದಕ್ಕೂ ಮೊದಲು ಹಿಂದಿನ ಶೆಡ್ಡಿನಲ್ಲಿ ಕಬ್ಬಿಣವನ್ನು ಸಾಲು ತೊಟ್ಟಿಗಳಲ್ಲಿ ಅದ್ದುವುದು: ಡಿಗ್ರೀಸಿಂಗ್ (ಜಿಡ್ಡು ತೆಗೆಯುವುದು), ನೀರು, ಡಿರಸ್ಟಿಂಗ್ (ತುಕ್ಕು ತೆಗೆಯುವುದು), ನೀರು, ಫಾಸ್ಫೇಟಿಂಗ್ (ಬಣ್ಣ ಹಿಡಿಯಲು ಫಾಸ್ಫೇಟ್ ಪದರ ಕೂರಿಸುವುದು), ನೀರು, ಪ್ಯಾಸಿವೇಶನ್ (ಆ ಪದರ ಭದ್ರಪಡಿಸುವುದು). ಪೀಣ್ಯದಲ್ಲಿ ಇದನ್ನೇ ‘ಸೆವೆನ್ ಟ್ಯಾಂಕ್’ ಅಂತಾರೆ, ಅಲ್ವಾ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಕೈಗಾರಿಕೆಗಳನ್ನು ಮಾಲಿನ್ಯದ ಅಂಕ ನೋಡಿ ಬಣ್ಣದ ವರ್ಗಗಳಾಗಿ ವಿಂಗಡಿಸಿದಾಗ ಸ್ಪ್ರೇ ಪೇಂಟಿಂಗ್ ಮತ್ತು ಬೇಕಿಂಗನ್ನು ಆರೆಂಜ್‌ಗೆ ಹಾಕಿತು. ಪಿಕ್ಲಿಂಗ್, ಪ್ಲೇಟಿಂಗ್, ಫಾಸ್ಫೇಟಿಂಗ್, ಅನೊಡೈಸಿಂಗ್ ಇತ್ಯಾದಿ ಲೋಹದ ಮೇಲ್ಮೈ ಸಂಸ್ಕರಣೆಯನ್ನೆಲ್ಲ ಕೆಂಪಿಗೆ ಹಾಕಿತು. ಅಂದರೆ ಮುಂದಿನ ಶೆಡ್ಡು ಆರೆಂಜ್, ಹಿಂದಿನ ಶೆಡ್ಡು ರೆಡ್. ನಿಮ್ಮ ಅರ್ಜಿ ಬರೆದವರು ಮುಂದಿನದನ್ನು ಮಾತ್ರ ತೋರಿಸಿದ್ದಾರೆ. ಫೀಸು ಕಡಿಮೆ, ತಲೆನೋವು ಕಡಿಮೆ ಅಂತ ಹಾಗೆ ಮಾಡುವುದು ಈ ಲೈನಿನಲ್ಲಿ ಹಳೇ ಚಾಳಿ. ಹಾಗಾಗಿ ಏಳು ತೊಟ್ಟಿಗೂ ನಿಮ್ಮಲ್ಲಿ ಸಮ್ಮತಿಯೇ ಇಲ್ಲ. ಬೋರ್ಡು ಬರೆದದ್ದು ಸರಿ. 2025ರಲ್ಲಿ ಕೇಂದ್ರ ಮಂಡಳಿ ಪಟ್ಟಿಯನ್ನು ಮತ್ತೆ ಪರಿಷ್ಕರಿಸಿ ಅಂಕಗಳ ಗಡಿಯನ್ನೂ ಬದಲಿಸಿದೆ. ಆದ್ದರಿಂದ ಹೊಸ ಅರ್ಜಿ ಹಾಕುವಾಗ ಹಳೇ ಪಟ್ಟಿಯ ಕ್ರಮಸಂಖ್ಯೆಯನ್ನು ಕಣ್ಣುಮುಚ್ಚಿ ಬರೆಯಬೇಡಿ. ಪ್ರಾದೇಶಿಕ ಕಚೇರಿಯಲ್ಲಿ ಕೇಳಿ, ಅವರು ಹೇಳಿದ್ದನ್ನೇ ಬರೆಯಿರಿ.

ನೀರಿನ ವರದಿ ನೋಡಿದೆ. ಪಿಎಚ್ 4.2, ತೇಲುವ ಘನ ಪದಾರ್ಥ ಲೀಟರಿಗೆ 310 ಮಿ.ಗ್ರಾಂ, ಸತು 18, ಫಾಸ್ಫೇಟ್ 41. ಹೊರಗಿನ ನೀರಿಗೆ ಬಿಡುವಾಗಿನ ಸಾಮಾನ್ಯ ಮಿತಿ ಏನು ಗೊತ್ತಾ? ಪಿಎಚ್ 5.5ರಿಂದ 9, ಘನ ಪದಾರ್ಥ 100, ಸತು 5, ಕರಗಿದ ಫಾಸ್ಫೇಟ್ ರಂಜಕದ ಲೆಕ್ಕದಲ್ಲಿ 5. ಯಾವುದರಲ್ಲೂ ಪಾಸಾಗಿಲ್ಲ. ಸ್ಯಾಂಪಲ್ ತೆಗೆದ ರೀತಿ ಬಗ್ಗೆ ನಿಮ್ಮ ವಕೀಲರು ಹೇಳಿದ್ದು ಸುಳ್ಳಲ್ಲ. ಸೆಕ್ಷನ್ 21ರ ಪ್ರಕಾರ ನಿಮ್ಮ ಎದುರಿಗೇ ಎರಡು ಭಾಗ ಮಾಡಿ, ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ನೀವು ಕೇಳಿದರೆ ಎರಡನೇ ಬಾಟಲನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ಹಾಗೆ ಮಾಡದಿದ್ದರೆ ಕೋರ್ಟಿನಲ್ಲಿ ಆ ವರದಿ ನಿಲ್ಲುವುದು ಕಷ್ಟ. ಉತ್ತರದಲ್ಲಿ ಇದನ್ನು ಒಂದು ಸಾಲಿನಲ್ಲಿ ಬರೆದಿಡಿ, ಮುಂದೆ ಬೇಕಾದೀತು. ಆದರೆ ಅದೇ ನಿಮ್ಮ ಮುಖ್ಯ ವಾದ ಆಗಬಾರದು. ಮೋರಿಗೆ ಹೋಗುವ ನೀರು ಹಾಲಿನ ಥರ ಬಿಳಿ ಇರುವಾಗ ‘ಬಾಟಲಿಗೆ ಸೀಲ್ ಇರಲಿಲ್ಲ’ ಅಂದರೆ ನಾಳೆ ಸೀಲ್ ಸಮೇತ ಬರುತ್ತಾರೆ, ಅಷ್ಟೇ.

ಇನ್ನೊಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ‘ನಮ್ಮದೆಷ್ಟು ನೀರು ಸಾರ್, ನಾಲ್ಕು ಡ್ರಮ್ಮು’ ಅಂತ ಬರೆದಿದ್ದೀರಿ. ಪೀಣ್ಯದಲ್ಲಿ ಎಲ್ಲರದೂ ನಾಲ್ಕೇ ಡ್ರಮ್ಮು. ಆ ನೀರು ರಾಜಕಾಲುವೆ ಹಿಡಿದು ವೃಷಭಾವತಿಗೆ ಹೋಗುತ್ತೆ. ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತೆ. ಅಲ್ಲಿ ಆ ನೀರಲ್ಲೇ ಬೇಸಾಯ ನಡೆದಿದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿ ಎಷ್ಟೋ ವರ್ಷ ಆಯಿತು. ಬೋರ್ಡು ನಿಮ್ಮಂಥ ಸಣ್ಣವರ ಮೇಲೇ ಯಾಕೆ ಬೀಳುತ್ತೆ ಅನ್ನುವ ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತೆ, ಅದರಲ್ಲಿ ನ್ಯಾಯವೂ ಇದೆ. ಆದರೆ ಅದು ಈ ಉತ್ತರದಲ್ಲಿ ಬರೆಯುವ ವಿಷಯ ಅಲ್ಲ.

ಹಾಗಾದರೆ ಇವತ್ತೇ ಏನು ಮಾಡಬೇಕು? ತೊಟ್ಟಿಯಿಂದ ಮೋರಿಗೆ ಹೋಗುವ ಪೈಪಿನ ಬಾಯಿಗೆ ಸಿಮೆಂಟ್ ಹಾಕಿ. ಸುಮ್ನೆ ಬಟ್ಟೆ ತುರುಕುವುದಲ್ಲ, ಸಿಮೆಂಟ್. ದಿನಾಂಕ ಕಾಣುವ ಹಾಗೆ ಫೋಟೊ ತೆಗೆಯಿರಿ. ಯೂನಿಟ್ ಪೂರ್ತಿ ಮುಚ್ಚಬೇಕಾಗಿಲ್ಲ. ಏಳು ತೊಟ್ಟಿಯ ಸಾಲನ್ನು ಮಾತ್ರ ನಿಲ್ಲಿಸಿ. ಪ್ರೀಟ್ರೀಟ್‌ಮೆಂಟಿಗೆ (ಅಂದರೆ ಈ ಅದ್ದುವ ಕೆಲಸಕ್ಕೆ) ಸಮ್ಮತಿ ಇರುವ, ಇಟಿಪಿ (ಕೊಳಕು ನೀರು ಶುದ್ಧ ಮಾಡುವ ಘಟಕ) ಇರುವ ಯೂನಿಟ್ ನಿಮ್ಮ ಸುತ್ತಮುತ್ತ ಸಿಗುತ್ತೆ. ಮಾಲನ್ನು ಅಲ್ಲಿ ಫಾಸ್ಫೇಟಿಂಗ್ ಮಾಡಿಸಿಕೊಂಡು ಬನ್ನಿ, ನಿಮ್ಮ ಬೂತ್ ಮತ್ತು ಓವನ್ ಓಡಲಿ. ಅವುಗಳಿಗೆ ಸಮ್ಮತಿ ಇದೆಯಲ್ಲ. ಕಿಲೋಗೆ ಒಂದಿಷ್ಟು ಲಾಭ ಕಡಿಮೆಯಾಗುತ್ತೆ, ಸಾಗಾಣಿಕೆಯಲ್ಲಿ ಮಾಲು ತುಕ್ಕು ಹಿಡಿಯುವ ಕಾಟವೂ ಇದೆ, ಅದೇ ದಿನ ಕೋಟಿಂಗ್ ಮಾಡಬೇಕಾಗುತ್ತೆ. ಆದರೂ ಒಂಬತ್ತು ಮನೆಯ ಒಲೆ ಉರಿಯುತ್ತೆ. ಮುಖ್ಯವಾಗಿ, ಉತ್ತರದಲ್ಲಿ ‘ತಪ್ಪು ನಡೆಯುತ್ತಿದ್ದ ಭಾಗವನ್ನು ಈ ದಿನಾಂಕದಿಂದ ನಾವೇ ನಿಲ್ಲಿಸಿದ್ದೇವೆ’ ಅಂತ ಬರೆಯಲು ಬರುತ್ತೆ. ನೀವು ಬರೆಯುವ ಸಾಲುಗಳಲ್ಲೆಲ್ಲ ಹೆಚ್ಚು ತೂಕ ಇದಕ್ಕೇ.

ಯಾಕೆ ಅಂತ ಒಂದು ಲೆಕ್ಕ ಹೇಳುತ್ತೇನೆ. ಪರಿಸರ ಪರಿಹಾರ ಅಂತ ಒಂದು ದಂಡ ಇದೆ. ಕೇಂದ್ರ ಮಂಡಳಿ ಅದಕ್ಕೆ ಸೂತ್ರ ಕೊಟ್ಟಿದೆ: ಮಾಲಿನ್ಯದ ಅಂಕ, ದಿನಗಳ ಸಂಖ್ಯೆ, ಒಂದು ರೂಪಾಯಿ ದರ, ಯೂನಿಟಿನ ಗಾತ್ರ, ಊರಿನ ಜನಸಂಖ್ಯೆ, ಐದನ್ನೂ ಗುಣಿಸುವುದು. ಕೆಂಪು ವರ್ಗಕ್ಕೆ ಅಂಕ 80. ದರ ಸಾಮಾನ್ಯವಾಗಿ 250. ಸಣ್ಣ ಯೂನಿಟ್‌ಗೆ 0.5. ಬೆಂಗಳೂರಿನ ಜನಸಂಖ್ಯೆ 2011ರ ಜನಗಣತಿಯಲ್ಲಿ 84 ಲಕ್ಷ ದಾಟಿದ್ದರಿಂದ 1.5. ಗುಣಿಸಿ ನೋಡಿ: ದಿನಕ್ಕೆ 15,000 ರೂಪಾಯಿ. ಮೂರು ತಿಂಗಳು ಹಾಗೇ ಬಿಟ್ಟರೆ ಹದಿಮೂರೂವರೆ ಲಕ್ಷ. ಈ ಲೆಕ್ಕದಲ್ಲಿ ನಿಮ್ಮ ಕೈಯಲ್ಲಿ ಇರುವುದು ಒಂದೇ ಅಂಕೆ, ದಿನಗಳ ಸಂಖ್ಯೆ. ಸಿಮೆಂಟ್ ಹಾಕಿದ ದಿನದ ಫೋಟೊ ಇದ್ದರೆ ಅದು ಅಲ್ಲಿಗೆ ನಿಲ್ಲಬೇಕು ಅಂತ ನೀವು ವಾದಿಸಬಹುದು. ‘ಮಂಡಳಿಗೆ ಇಂಥ ಪರಿಹಾರ ಹಾಕುವ ಅಧಿಕಾರವೇ ಇಲ್ಲ’ ಅಂತ ಕೆಲವರು ಇನ್ನೂ ಹೇಳುತ್ತಾರೆ. ಕೇಳಬೇಡಿ. ಜಲ ಕಾಯ್ದೆಯ 33ಎ ಮತ್ತು ವಾಯು ಕಾಯ್ದೆಯ 31ಎ ಅಡಿ ಮಂಡಳಿಗಳು ಪರಿಹಾರ ವಸೂಲು ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿದೆ. ಅದನ್ನು ನಿಯಮದ ಪ್ರಕಾರ, ನಿಮ್ಮ ಮಾತು ಕೇಳಿಯೇ ಮಾಡಬೇಕು ಅಂತಲೂ ಹೇಳಿದೆ.

ಇನ್ನು ತೊಟ್ಟಿಗಳ ಮಾತು. ಇದರಲ್ಲಿ ನನಗೆ ಸ್ವಲ್ಪ ಹುಚ್ಚು ಜಾಸ್ತಿ, ಸಹಿಸಿಕೊಳ್ಳಿ.

ಇಟಿಪಿ ಮಾರುವವರು ನಾಳೆಯೇ ನಿಮ್ಮ ಬಾಗಿಲಿಗೆ ಬರುತ್ತಾರೆ. ನೋಟಿಸ್ ಬಂದ ಸುದ್ದಿ ಅವರಿಗೆ ಹೇಗೆ ಗೊತ್ತಾಗುತ್ತೋ ದೇವರೇ ಬಲ್ಲ. ದಿನಕ್ಕೆ ಎಷ್ಟು ನೀರು ಅಂತ ಕೇಳಿ, ನೀವು ಹೇಳಿದ್ದಕ್ಕೆ ಒಂದೂವರೆ ಪಟ್ಟು ದೊಡ್ಡ ಯಂತ್ರ ತೋರಿಸುತ್ತಾರೆ. ಅದಕ್ಕೂ ಮೊದಲು ನೀರನ್ನೇ ಕಡಿಮೆ ಮಾಡಿ. ಫಾಸ್ಫೇಟಿಂಗ್ ತೊಟ್ಟಿ ಹತ್ತಿರ ಒಂದು ಅರ್ಧ ಗಂಟೆ ನಿಂತು ನೋಡಿ. ಹುಡುಗ ರ್‍ಯಾಕ್ ಎತ್ತುತ್ತಾನೆ, ಮಾಲು ಇನ್ನೂ ಸುರಿಯುತ್ತಿರುವಾಗಲೇ ಪಕ್ಕದ ನೀರಿನ ತೊಟ್ಟಿಗೆ ಇಳಿಸುತ್ತಾನೆ. ಹಾಗೆ ಅಂಟಿಕೊಂಡು ಹೋಗುವುದಕ್ಕೆ ‘ಡ್ರ್ಯಾಗ್ ಔಟ್’ ಅಂತಾರೆ. ನೀವು ದುಡ್ಡು ಕೊಟ್ಟು ತಂದ ಕೆಮಿಕಲ್ಲೇ ಮೋರಿಗೆ ಹೋಗುತ್ತಿದೆ. ತೊಟ್ಟಿ ಮೇಲೆ ಅಡ್ಡ ಒಂದು ಪೈಪ್ ಕಟ್ಟಿ, ರ್‍ಯಾಕನ್ನು ಅರ್ಧ ನಿಮಿಷ ಅದಕ್ಕೆ ತೂಗುಹಾಕಲು ಹೇಳಿ. ಮಾಲನ್ನು ನೇತುಹಾಕುವಾಗ ತಟ್ಟೆ ಥರ ನೀರು ನಿಲ್ಲದ ಹಾಗೆ ಓರೆ ಮಾಡಿ. ಖರ್ಚು ಒಂದು ಪೈಪ್, ಎರಡು ಕೊಕ್ಕೆ.

ಆಮೇಲೆ ತೊಳೆಯುವ ನೀರು. ಗಂಟೆಗೆ ಒಂದು ಲೀಟರ್ ದ್ರಾವಣ ಹೀಗೆ ಅಂಟಿಕೊಂಡು ಬರುತ್ತೆ ಅಂತಿಟ್ಟುಕೊಳ್ಳಿ. ಅದನ್ನು ಸಾವಿರ ಪಾಲು ತೆಳ್ಳಗೆ ಮಾಡಬೇಕು. ಒಂದೇ ತೊಟ್ಟಿಯಲ್ಲಿ ತೊಳೆದರೆ ಗಂಟೆಗೆ ಸಾವಿರ ಲೀಟರ್ ಹೊಸ ನೀರು ಬೇಕು. ಅದೇ ಎರಡು ತೊಟ್ಟಿ ಇಟ್ಟು, ಹೊಸ ನೀರನ್ನು ಕೊನೆಯ ತೊಟ್ಟಿಗೆ ಬಿಟ್ಟು, ಅದು ತುಂಬಿ ಹಿಂದಿನ ತೊಟ್ಟಿಗೆ ಹರಿಯುವ ಹಾಗೆ ಮಾಡಿದರೆ? ಸುಮಾರು 32 ಲೀಟರ್ ಸಾಕು. ತಮಾಷೆ ಅಲ್ಲ, ಸಾವಿರದ ವರ್ಗಮೂಲ. ಮಾಲು ಮುಂದಕ್ಕೆ, ನೀರು ಹಿಂದಕ್ಕೆ, ಅಷ್ಟೇ ಉಪಾಯ. ಅಂಗಡಿಯ ಲೆಕ್ಕ ಪುಸ್ತಕದಷ್ಟು ಕರಾರುವಾಕ್ಕಾಗಿ ಬರುವುದಿಲ್ಲ. ಆದರೂ ನೀರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವುದನ್ನು ನಾನೇ ನಿಂತು ನೋಡಿದ್ದೇನೆ. ಈಗ ನಿಮಗೆ ಬೇಕಾದ ಇಟಿಪಿಯ ಅಳತೆಯೇ ಬೇರೆ ಆಯಿತು, ಅಲ್ವಾ?

ಸಣ್ಣ ಯೂನಿಟ್‌ಗೆ ಇಟಿಪಿ ಅಂದರೆ ದೊಡ್ಡ ವಿದ್ಯೆಯೇನೂ ಅಲ್ಲ. ಒಂದು ಸಂಗ್ರಹದ ತೊಟ್ಟಿ, ಸುಣ್ಣದ ನೀರು ಹಾಕಿ ಕಲಕುವ ತೊಟ್ಟಿ, ಗಸಿ ಇಳಿಯಲು ಬಿಡುವ ತೊಟ್ಟಿ, ಗಸಿ ಹಿಂಡಲು ಫಿಲ್ಟರ್ ಪ್ರೆಸ್ ಅಥವಾ ಒಣಗಿಸುವ ಹಾಸು, ಕೊನೆಗೆ ಮರಳು ಮತ್ತು ಕಾರ್ಬನ್ ಫಿಲ್ಟರ್. ಸುಣ್ಣ ಹಾಕಿದಾಗ ಸತುವೂ ಫಾಸ್ಫೇಟೂ ಗಟ್ಟಿಯಾಗಿ ತಳಕ್ಕೆ ಕೂರುತ್ತವೆ. ಇಲ್ಲೊಂದು ಗುಟ್ಟಿದೆ. ಸತು ಚೆನ್ನಾಗಿ ಇಳಿಯುವುದು ಪಿಎಚ್ 9ರಿಂದ 9.5ರ ಹತ್ತಿರ. ‘ಇರಲಿ’ ಅಂತ ಇನ್ನೊಂದು ಬಕೆಟ್ ಸುಣ್ಣ ಸುರಿದು 11 ದಾಟಿಸಿದರೆ ಇಳಿದ ಸತು ಮತ್ತೆ ಕರಗುತ್ತೆ. ಒಂದು ಯೂನಿಟ್‌ನಲ್ಲಿ ವರದಿ ಪ್ರತಿ ಸಲ ಫೇಲ್ ಆಗುತ್ತಿತ್ತು. ಮಾಲೀಕರು ಪ್ರತಿ ಸಲ ಸುಣ್ಣ ಜಾಸ್ತಿ ಮಾಡಿಸುತ್ತಿದ್ದರು. ನಾನು ಹೋಗಿ ಮಾಡಿದ್ದು ಒಂದೇ ಕೆಲಸ, ಸುಣ್ಣ ಕಡಿಮೆ ಮಾಡಿಸಿದ್ದು. ಪಿಎಚ್ ಪೇಪರ್ ನಂಬಬೇಡಿ, ಒಂದು ಮೀಟರ್ ತಗೊಳ್ಳಿ. ಅದನ್ನು ಬಫರ್ ದ್ರಾವಣದಲ್ಲಿ ಆಗಾಗ ಸರಿಮಾಡಲು ಒಬ್ಬ ಹುಡುಗನಿಗೆ ಕಲಿಸಿ. ಶುದ್ಧವಾದ ನೀರನ್ನು ಮೊದಲ ತೊಳೆತಕ್ಕೆ ವಾಪಸ್ ಬಳಸಿ. ಮೋರಿಯ ಮಾತೇ ಬರದ ಹಾಗೆ ಇದ್ದರೆ ನಿಮ್ಮ ಹೊಸ ಅರ್ಜಿಗೆ ಬಲ.

ಫಾಸ್ಫೇಟನ್ನೇ ಬಿಟ್ಟು ಜಿರ್ಕೋನಿಯಂ ಆಧಾರಿತ ‘ನ್ಯಾನೊ’ ಪ್ರೀಟ್ರೀಟ್‌ಮೆಂಟ್‌ಗೆ ಹೋಗುವ ದಾರಿಯೂ ಇದೆ. ತೊಟ್ಟಿ ಕಾಯಿಸುವುದು ಬೇಡ, ಗಸಿ ತುಂಬ ಕಡಿಮೆ. ಆದರೆ ನೀರಿನ ಗುಣ ಚೆನ್ನಾಗಿರಬೇಕು, ಬೋರ್‌ವೆಲ್ ನೀರು ನೇರವಾಗಿ ಆಗಲ್ಲ. ನಿಮ್ಮ ಪಾರ್ಟಿಗಳು ಸಾಲ್ಟ್ ಸ್ಪ್ರೇ ಟೆಸ್ಟ್ (ಉಪ್ಪುನೀರು ಸಿಂಪಡಿಸಿ ತುಕ್ಕು ನೋಡುವ ಪರೀಕ್ಷೆ) ಕೇಳುವವರಾಗಿದ್ದರೆ ಅವರನ್ನು ಒಪ್ಪಿಸದೆ ಬದಲಾಯಿಸಬೇಡಿ.

ಸ್ಲಡ್ಜ್ ವಿಷಯದಲ್ಲಿ ಮಾತ್ರ ನೀವು ಮಾಡಿರುವುದು ಗಂಭೀರ ತಪ್ಪು. ಫಾಸ್ಫೇಟಿಂಗ್ ತೊಟ್ಟಿಯ ತಳದಲ್ಲಿ ಕೂರುವ ಬಿಳಿ ಗಸಿಯನ್ನು ಗುಜರಿಯವರಿಗೆ ಕೊಟ್ಟಿದ್ದೀರಿ. ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಮೊದಲ ಅನುಸೂಚಿಯಲ್ಲಿ 12.5 ಅನ್ನುವ ಸಂಖ್ಯೆಯಡಿ ಹೆಸರು ಹಿಡಿದು ಇದೆ. ಅವರು ಅದನ್ನು ಎಲ್ಲಿ ಸುರಿದರು ಅಂತ ನಿಮಗೆ ಗೊತ್ತಿಲ್ಲ. ಆದರೆ ನಾಳೆ ಕೇಳಿದರೆ ಜವಾಬ್ದಾರಿ ನಿಮ್ಮದು. ಇನ್ನು ಮೇಲೆ ಸೂರಿನ ಕೆಳಗೆ, ಕಾಂಕ್ರೀಟ್ ನೆಲದ ಮೇಲೆ, ಮುಚ್ಚಳ ಇರುವ ಡ್ರಮ್ಮಿನಲ್ಲಿ ಇಡಿ. ಡ್ರಮ್ಮಿಗೆ ನಮೂನೆ 8ರ ಲೇಬಲ್, ರಿಜಿಸ್ಟರ್‌ಗೆ ನಮೂನೆ 3. 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ವರ್ಷಕ್ಕೆ ಹತ್ತು ಟನ್‌ವರೆಗಿನ ಸಣ್ಣವರಿಗೆ ಮಂಡಳಿ ಅವಧಿ ವಿಸ್ತರಿಸಬಹುದು, ಅದನ್ನು ಬರೆದು ಕೇಳಬೇಕು. ದಾಬಸ್‌ಪೇಟೆಯಲ್ಲಿ ಇರುವಂಥ ಅಧಿಕೃತ ಭೂಭರ್ತಿ ಘಟಕದ ಮೆಂಬರ್‌ಶಿಪ್ ಮಾಡಿಸಿ. ಗಾಡಿ ಬಂದಾಗ ನಮೂನೆ 10ರ ಮ್ಯಾನಿಫೆಸ್ಟ್ (ಸಾಗಣೆ ಪತ್ರ) ಇಲ್ಲದೆ ಒಂದು ಕಿಲೋವನ್ನೂ ಹತ್ತಿಸಬೇಡಿ. ವರ್ಷದ ಲೆಕ್ಕ ನಮೂನೆ 4ರಲ್ಲಿ ಜೂನ್ 30ರೊಳಗೆ. ಪರಿಸರ ಹೇಳಿಕೆ ಅಂತ ಇನ್ನೊಂದಿದೆ, ಐದನೇ ನಮೂನೆ, ಅದು ಸೆಪ್ಟೆಂಬರ್ 30ರೊಳಗೆ. ಎರಡೂ ದಿನಾಂಕವನ್ನು ಆಯುಧಪೂಜೆ ಥರ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

ಜನರೇಟರ್ ಕೊಳವೆ ಸುಲಭದ ಕೆಲಸ. ಕಟ್ಟಡದ ಎತ್ತರಕ್ಕೆ, ಕೆವಿಎಯ ವರ್ಗಮೂಲದ 0.2 ಪಾಲು ಮೀಟರ್ ಸೇರಿಸಬೇಕು. ನಿಮ್ಮದು 62.5 ಕೆವಿಎ, ವರ್ಗಮೂಲ 7.9, ಅದರ 0.2 ಅಂದರೆ 1.58. ಕಟ್ಟಡ ಆರು ಮೀಟರ್ ಇದ್ದರೆ ಕೊಳವೆ ಏಳೂವರೆಗಿಂತ ಒಂಚೂರು ಎತ್ತರ ಬರಬೇಕು. ವೆಲ್ಡರ್ ಕರೆಸಿ ಎರಡು ದಿನದಲ್ಲಿ ಮುಗಿಸಿ, ಉತ್ತರದಲ್ಲಿ ‘ಮುಗಿದಿದೆ’ ಅಂತ ಫೋಟೊ ಸಮೇತ ಹಾಕಿ. ಮುಗಿದ ಕೆಲಸ ಒಂದಾದರೂ ಇದ್ದರೆ ಮುಂದಿನ ಭರವಸೆಗಳನ್ನು ನಂಬುತ್ತಾರೆ.

ಈಗ ಉತ್ತರ ಬರೆಯುವುದು. ನಾನು ನೋಡಿದ ಕೆಟ್ಟ ಉತ್ತರಗಳೆಲ್ಲ ಒಂದೇ ಥರ ಶುರುವಾಗುತ್ತವೆ: ‘ನಾವು ಸಣ್ಣ ಉದ್ದಿಮೆದಾರರು, ಕಷ್ಟದಲ್ಲಿದ್ದೇವೆ, ದಯವಿಟ್ಟು ಮನ್ನಿಸಿ.’ ಓದುವ ಪರಿಸರ ಅಧಿಕಾರಿ ಇದನ್ನು ಇಟ್ಟುಕೊಂಡು ಏನು ಮಾಡಬೇಕು? ಅವರೂ ಫೈಲಿನಲ್ಲಿ ಏನಾದರೂ ಬರೆದು ಮೇಲಕ್ಕೆ ಕಳಿಸಬೇಕಲ್ಲ. ಅವರಿಗೆ ಬರೆಯಲು ಸರಕು ಕೊಡಿ. ನೋಟಿಸ್‌ನ ಪ್ರತಿ ಅಂಶದ ನಂಬರ್ ಹಾಕಿ, ಎದುರಿಗೆ ಹೀಗೆ ಬರೆಯಿರಿ:

‘ಅಂಶ 2: ಫಾಸ್ಫೇಟಿಂಗ್ ಸಾಲಿಗೆ ಸಮ್ಮತಿ ಪಡೆದಿರಲಿಲ್ಲ ಎಂಬುದನ್ನು ಒಪ್ಪುತ್ತೇವೆ. ಈ ಸಾಲನ್ನು ಇಂಥ ದಿನಾಂಕದಿಂದ ಸ್ಥಗಿತಗೊಳಿಸಿದ್ದೇವೆ, ಹೊರಹರಿವಿನ ಪೈಪ್ ಮುಚ್ಚಿದ್ದೇವೆ (ಫೋಟೊ 1 ಮತ್ತು 2). ಸಮ್ಮತಿಗಾಗಿ ಆನ್‌ಲೈನ್ ಅರ್ಜಿ ಸಲ್ಲಿಸಿದ್ದೇವೆ (ಸ್ವೀಕೃತಿ ಲಗತ್ತು). ಇಟಿಪಿಗೆ ಖರೀದಿ ಆದೇಶ ಕೊಟ್ಟಿದ್ದೇವೆ (ಪ್ರತಿ ಲಗತ್ತು). 60 ದಿನದಲ್ಲಿ ಅಳವಡಿಸುತ್ತೇವೆ. ಅಲ್ಲಿಯವರೆಗೆ ಈ ಸಾಲನ್ನು ಚಾಲೂ ಮಾಡುವುದಿಲ್ಲ.’

ಇಷ್ಟೇ. ‘ಒಪ್ಪುತ್ತೇವೆ’ ಅಂತ ಬರೆಯಲು ವಕೀಲರು ಹೆದರಬಹುದು. ಅವರ ಹೆದರಿಕೆಗೆ ಕಾರಣ ಇಲ್ಲದಿಲ್ಲ. 33ಎ ನೋಟಿಸ್ ಬೇರೆ, ಕೋರ್ಟಿನಲ್ಲಿ ಹೂಡುವ ಮೊಕದ್ದಮೆ ಬೇರೆ, ಇಲ್ಲಿ ಬರೆದದ್ದು ಅಲ್ಲಿ ಬರಬಹುದು. ವಕೀಲರು ಬೇಕು ಅಂದರೆ ‘ಗಮನಿಸಿದ್ದೇವೆ’ ಅಂತ ಬದಲಾಯಿಸಿ, ತಕರಾರಿಲ್ಲ. ಆದರೆ ಅಧಿಕಾರಿ ಕಣ್ಣಾರೆ ನೋಡಿ ಹೋದ ತೊಟ್ಟಿಯನ್ನು ‘ಇಲ್ಲ’ ಅಂತ ಮಾತ್ರ ಬರೆಯಬೇಡಿ. ದಿನಗಳ ವಿಷಯದಲ್ಲೂ ಸುಳ್ಳು ಬೇಡ. 60 ದಿನ ಬೇಕಾಗಿರುವುದಕ್ಕೆ 15 ದಿನ ಅಂತ ಬರೆದು ಹದಿನಾರನೇ ದಿನ ಸಿಕ್ಕಿಬೀಳುವವರೇ ಜಾಸ್ತಿ. ಮಂಡಳಿ ಬ್ಯಾಂಕ್ ಗ್ಯಾರಂಟಿ ಕೇಳಬಹುದು. ಕೇಳಿದರೆ ಕೊಡಿ, ಅದು ಮುಚ್ಚುವ ಆದೇಶಕ್ಕಿಂತ ಎಷ್ಟೋ ವಾಸಿ. ಕೊನೆಯಲ್ಲಿ ‘ಖುದ್ದು ವಿಚಾರಣೆಗೆ ಅವಕಾಶ ಕೊಡಿ’ ಅಂತ ಒಂದು ಸಾಲು ಸೇರಿಸಿ. ನೋಟಿಸ್ ಕಳಿಸಿದ ಕಚೇರಿಗೆ ನೀವೇ ಹೋಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಇಮೇಲ್ ಕೂಡ ಮಾಡಿ. ಹದಿನೈದನೇ ದಿನಕ್ಕೆ ಕಾಯಬೇಡಿ, ಹನ್ನೆರಡಕ್ಕೆ ಕೊಡಿ.

ಇಷ್ಟೆಲ್ಲ ಮಾಡಿದರೂ ಮುಚ್ಚುವ ಆದೇಶ ಬಂದರೆ? ಮೊದಲು ಮುಚ್ಚಿ. ರಾತ್ರಿ ಶಟರ್ ಎಳೆದು ಒಳಗೆ ಕೆಲಸ ಮಾಡಿಸುವ ಯೋಚನೆ ಬೇಡ, ಕರೆಂಟ್ ಮೀಟರೇ ಹೇಳಿಬಿಡುತ್ತೆ. ಆದೇಶದ ವಿರುದ್ಧ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಕರ್ನಾಟಕಕ್ಕೆ ಚೆನ್ನೈನ ದಕ್ಷಿಣ ಪೀಠ. ಸಮ್ಮತಿ ಅರ್ಜಿಯನ್ನೇ ತಿರಸ್ಕರಿಸಿದರೆ ದಾರಿ ಬೇರೆ, ಸೆಕ್ಷನ್ 28ರ ಪ್ರಕಾರ ರಾಜ್ಯದ ಮೇಲ್ಮನವಿ ಪ್ರಾಧಿಕಾರ, ಅಲ್ಲೂ 30 ದಿನ. ಎಷ್ಟೋ ಜನ ಈ ಎರಡನ್ನು ಅದಲುಬದಲು ಮಾಡಿ ಒಂದು ತಿಂಗಳು ಕಳೆದುಕೊಳ್ಳುತ್ತಾರೆ. ಆದರೆ ಸಣ್ಣ ಯೂನಿಟ್‌ಗಳಿಗೆ ಚೆನ್ನೈಗಿಂತ ಬೇಗ ಕೆಲಸ ಮಾಡುವ ದಾರಿ, ಸರಿಪಡಿಸಿ ತೋರಿಸಿ ಆದೇಶ ವಾಪಸ್ ತಗೊಳ್ಳಿ ಅಂತ ಮಂಡಳಿಗೇ ಅರ್ಜಿ ಹಾಕುವುದು.

ಸರ್ಕಾರದ ಸಹಾಯದ ಬಗ್ಗೆ ಕೇಳಿದ್ದೀರಿ. ಇದೆ. ಆದರೆ ಒಂಬತ್ತು ದಿನದಲ್ಲಿ ಕೈಗೆ ಬರುವಂಥದ್ದು ಯಾವುದೂ ಇಲ್ಲ. ನೋಟಿಸಿನ ಖರ್ಚಿಗೆ ಅದನ್ನು ನಂಬಿ ಕೂರಬೇಡಿ. ಎಲ್ಲದಕ್ಕೂ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಬೇಕು. 2025ರ ಏಪ್ರಿಲ್‌ನಿಂದ ಎರಡೂವರೆ ಕೋಟಿವರೆಗೆ ಹೂಡಿಕೆ, ಹತ್ತು ಕೋಟಿವರೆಗೆ ವಹಿವಾಟು ಇದ್ದರೆ ಸೂಕ್ಷ್ಮ ಉದ್ದಿಮೆ. ನೀವು ಆರಾಮಾಗಿ ಅದರೊಳಗೆ ಬರುತ್ತೀರಿ. ಇಟಿಪಿ ಥರದ ಹಸಿರು ಹೂಡಿಕೆಗೆ ಕೇಂದ್ರದ ಎಂಎಸ್‌ಇ ಗಿಫ್ಟ್ ಯೋಜನೆಯಲ್ಲಿ ಸಾಲದ ಬಡ್ಡಿಯಲ್ಲಿ ಶೇ 2ರ ರಿಯಾಯಿತಿ ಇದೆ, 2 ಕೋಟಿವರೆಗಿನ ಸಾಲಕ್ಕೆ. ಯೋಜನೆ ಈಗಲೂ ಚಾಲ್ತಿಯಲ್ಲಿದೆಯಾ, ನಿಮ್ಮ ಉಪಕರಣ ಅದರ ಪಟ್ಟಿಗೆ ಹೊಂದುತ್ತಾ ಅಂತ ಬ್ಯಾಂಕಿನವರಿಂದ ಬರವಣಿಗೆಯಲ್ಲಿ ಪಡೆಯಿರಿ. ರಾಜ್ಯದ ಕೈಗಾರಿಕಾ ನೀತಿಯಲ್ಲಿ ಸಿಗುವುದನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ, ರಾಜಾಜಿನಗರದ ಕೇಂದ್ರ ಎಂಎಸ್‌ಎಂಇ ಕಚೇರಿಯೂ ನಿಮಗೆ ಹತ್ತಿರವೇ. ಒಂದು ಎಚ್ಚರಿಕೆ: ಯಂತ್ರ ಮೊದಲು ಕೊಂಡು ಆಮೇಲೆ ಸಬ್ಸಿಡಿ ಕೇಳಿದರೆ ‘ಮಂಜೂರಾತಿಗೆ ಮುಂಚಿನ ಖರೀದಿ’ ಅಂತ ತಳ್ಳಿಹಾಕುವುದು ಸಾಮಾನ್ಯ. ಆದ್ದರಿಂದ ಆರ್ಡರ್ ಕೊಡುವ ಹಿಂದಿನ ದಿನವಾದರೂ ಬ್ಯಾಂಕಿಗೆ ಹೋಗಿ ಬನ್ನಿ. ಝೆಡ್ ಪ್ರಮಾಣಪತ್ರದ (ಗುಣಮಟ್ಟ ಮತ್ತು ಪರಿಸರ ಕಾಳಜಿಗೆ ಕೇಂದ್ರ ಕೊಡುವಂಥದ್ದು) ಕಂಚಿನ ಹಂತಕ್ಕೆ ಶುಲ್ಕ ಹತ್ತು ಸಾವಿರ, ಸೂಕ್ಷ್ಮ ಉದ್ದಿಮೆಗೆ ಅದರಲ್ಲಿ ಶೇ 80 ಸಬ್ಸಿಡಿ, ನೀವು ಕೊಡುವುದು ಎರಡು ಸಾವಿರ. ಅದರಿಂದ ನೋಟಿಸ್ ಹೋಗಲ್ಲ, ಮುಂದಿನ ವರ್ಷ ಮಾಡಿಸಿ. ಪೀಣ್ಯ ಕೈಗಾರಿಕಾ ಸಂಘದಲ್ಲೂ ವಿಚಾರಿಸಿ. ನಿಮ್ಮ ಬೀದಿಯಲ್ಲೇ ಇನ್ನೂ ನಾಲ್ಕು ಜನಕ್ಕೆ ಇದೇ ನೋಟಿಸ್ ಬಂದಿರುತ್ತೆ. ನಾಲ್ವರೂ ಸೇರಿ ಕಾನೂನುಬದ್ಧವಾಗಿ ಒಂದೇ ಕಡೆ ಪ್ರೀಟ್ರೀಟ್‌ಮೆಂಟ್ ಮಾಡಿಸುವ ಮಾತು ನಿಮ್ಮಲ್ಲೇ ಹುಟ್ಟಿದರೆ ಎಲ್ಲರಿಗೂ ಖರ್ಚು ಕಡಿಮೆ.

ಕನ್ಸಲ್ಟೆಂಟ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅರ್ಜಿ ತುಂಬಲು, ಇಟಿಪಿ ವಿನ್ಯಾಸ ನೋಡಲು ಒಬ್ಬ ಒಳ್ಳೆಯವರು ಬೇಕು. ಅವರಿಗೆ ಫೀಸು ಕೊಡಿ, ಬಿಲ್ ಪಡೆಯಿರಿ. ಬಿಲ್ ಕೊಡದೆ ‘ಸೆಟ್ಲ್’ ಅನ್ನುವವರನ್ನು ಬಾಗಿಲಿಂದಲೇ ಕಳಿಸಿ. ನಿಮ್ಮ ಹಳೇ ಸಿಎಫ್‌ಒದಲ್ಲಿ ಏಳು ತೊಟ್ಟಿ ಮಾಯವಾದದ್ದೂ ಇಂಥದೇ ಒಂದು ಸೆಟ್ಲ್‌ಮೆಂಟಿನಿಂದ ಇರಬೇಕು ಅಂತ ನನ್ನ ಗುಮಾನಿ.

ಕೊನೆಗೆ ಮಗನ ಸಲಹೆ. ಹೊಸ ಹೆಸರಲ್ಲಿ ತೆಗೆದರೆ ಮೊದಲು ಸಿಎಫ್‌ಇ (ಸ್ಥಾಪಿಸಲು ಸಮ್ಮತಿ), ಆಮೇಲೆ ಸಿಎಫ್‌ಒ, ಎರಡಕ್ಕೂ ಅದೇ ಶೆಡ್ಡಿನ ವಿಳಾಸ, ಅದೇ ಮೀಟರಿನ ಆರ್‌ಆರ್ ನಂಬರ್, ಅದೇ ಏಳು ತೊಟ್ಟಿ. ಸ್ಥಳ ಪರಿಶೀಲನೆಗೆ ಬರುವವರೂ ಬಹುಶಃ ಅದೇ ಅಧಿಕಾರಿ. ಹಳೇ ನೋಟಿಸ್ ಬಾಕಿ ಇರುವ ಜಾಗಕ್ಕೆ ಹೊಸ ಸಮ್ಮತಿ ಯಾಕೆ ಕೊಡಬೇಕು ಅಂತ ಅವರು ಕೇಳಿದರೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ. ಅವನಿಗೆ ಅಷ್ಟು ಹುಮ್ಮಸ್ಸಿದ್ದರೆ ನಾಳೆ ಬೆಳಿಗ್ಗೆ ಒಂದು ಪಿಎಚ್ ಮೀಟರ್ ತರಲು ಕಳಿಸಿ. ಹಾಗೇ ಮಾನ್ಯತೆ ಇರುವ ಖಾಸಗಿ ಲ್ಯಾಬಿನವರಿಗೆ ಫೋನ್ ಮಾಡಲು ಹೇಳಿ, ಏಳೂ ತೊಟ್ಟಿಯಿಂದ ಒಂದೊಂದು ಬಾಟಲ್ ತೆಗೆಸಿ ಪರೀಕ್ಷೆ ಮಾಡಿಸಲಿ. ಆ ವರದಿ ಬಂದ ಮೇಲೆ ಇಟಿಪಿಯ ಅಳತೆ ಕೂಡಿಸಲು ಬೇಕಿದ್ದರೆ ನನಗೆ ಮತ್ತೆ ಬರೆಯಿರಿ. ಅಂಕೆ ಕೈಯಲ್ಲಿದ್ದರೆ ಲೆಕ್ಕ ಹಾಕಲು ಒಂದು ಸಂಜೆ ಸಾಕು.